ಸಾವಕಾಶ ಒತ್ತು

ಬೆಳಗಾವಿ ಶನಿವಾರ ಖೂಟದ ರದ್ದಿ ಅಂಗಡ್ಯಾಗ
ತುಕ್ಕು ಹಿಡಿದ ಕೀಲಿಗಳ ನಡುವ ಸಿಕ್ಕಿತ್ತು,
ಕರೀ ಕಟ್ಟಿಗಿ ಪೈಪು. ನೂರಾ ನಲವತ್ತು ರೂಪಾಯಿ.
ಬಾಯಿಗಿಡೋ ತುದಿಮ್ಯಾಗ ಯಾರದೋ ಹಲ್ಲಿನ ಗುರುತು,
ಎಡಗಡಿ ಕಚ್ಚಿ ಕಚ್ಚಿ ಸವೆದದ್ದು.
ಕ್ಯಾಂಪಿನ ಯಾವ ಸಾಹೇಬಂದೋ. ಕೇಳಿದರ
ಅಂಗಡಿಯಂವ ಭುಜ ಹಾರಿಸಿದ.

ನಿಪ್ಪಾಣಿ ಬಸ್ಸಿನ್ಯಾಗ ದಾರಿಯುದ್ದಕ್ಕೂ
ಕಿಸೆದಾಗ ಕೈಯಿಟ್ಟು ಅದರ ಹೊಟ್ಟಿ ಸವರಿದೆ.
ಐವತ್ತೆರಡನೇ ವರ್ಷಕ್ಕ ಒಂದು ಹೊಸಾ ಚಟ!
ಹೆಂಡತಿ ಕೇಳಿದಳು, "ಇದೇನ್ರಿ, ಪೀಪಿ ಏನು?"
ಹೂಂ ಅಂದೆ.

ಮೊದಲನೇ ಸಲ, ರೇಷನ್ ಅಂಗಡಿ ಬಾಗಿಲಾ ಎಳಕೊಂಡು,
ಅಕ್ಕಿ ಚೀಲ ತುಂಬಿದಂಗ ತುಂಬಿದೆ,
ಅಲುಗಿಸಿ, ಕುಕ್ಕಿ, ಮತ್ತ ತುಂಬಿದೆ.
ಎಳೆದರ ಗಲ್ಲ ಒಳಗ ಹೋದವು, ಹೊಗಿ ಬರಲಿಲ್ಲ.
ಎಂಟು ಕಡ್ಡಿ ಗೀರಿದೆ, ಬೆರಳೊಂದು ಸುಟ್ಟಿತು.
ಎರಡನೇ ಸಲ ಸಡಿಲ ಬಿಟ್ಟೆ.
ಭಗ್ ಅಂತ ಹತ್ತಿ, ಕಿಡಿ ಹಾರಿ,
ಆಗಸ್ಟ್ ತಿಂಗಳ ಸ್ಟಾಕ್ ಪುಸ್ತಕದಾಗ
ಜೋಳದ ಲೆಕ್ಕಕ್ಕ ತೂತು ಬಿತ್ತು.
ಹಣಿಕಿದರ ಅದರಾಗ ಸೆಪ್ಟೆಂಬರ್ ಕಾಣತೈತಿ,
ಖಾಲಿ.

ಹೌಸಾಬಾಯಿ ನಕ್ಕಿದ್ದು ಆವಾಗ.
ಬಾಗಿಲ ಸಂದ್ಯಾಗ ಮುಖ ತೂರಿಸಿ ನಿಂತಿದ್ದಳು,
ಕಂಕುಳಾಗ ಮಡಚಿದ ಚೀಲ.
ನಲವತ್ತು ವರ್ಷ ಬೀಡಿ ಕಟ್ಟಿದಾಕಿ, ದಿನಕ್ಕ ಸಾವಿರ,
ಒಂದನ್ನೂ ಸೇದದಾಕಿ.
"ತಾ ಇಲ್ಲಿ. ನಮ್ಮಪ್ಪಗ ಚಿಲುಮಿ ತುಂಬಿ ಕೊಡಾಕಿ ನಾನs ಇದ್ದೆ."

ಬೋರಲು ಹಾಕಿ ಬಡಿದು, ಎಲ್ಲಾ ಚೆಲ್ಲಿ,
ತಂಬಾಕು ಅಂಗೈಯಾಗ ಬಿಡಿಸಿದಳು,
ಸಿಕ್ಕುಗಟ್ಟಿದ ಕೂಸಿನ ಕೂದಲಾ ಬಿಡಿಸಿದಂಗ.
ಮೂಗಿಗೆ ಹಿಡಿದು, "ಇದು ನಮ್ಮ ಕಡೀದಲ್ಲ,
ಬೆಲ್ಲದ ನೀರು ಕುಡಿಸ್ಯಾರ ಇದಕ್ಕ"
ಅಂತ ಮೂಗು ಮುರಿದಳು.

ಮೊದಲನೇ ಚಿಟಿಕಿ ಹಂಗs ಬಿಟ್ಟಳು,
ಗುಬ್ಬಿಗೆ ನುಚ್ಚು ಉದುರಿಸಿದಂಗ. ಒತ್ತಲೇ ಇಲ್ಲ.
"ತಳಕ್ಕ ಉಸಿರಾಡಾಕ ಜಾಗಾ ಬೇಕು."
ಎರಡನೇದಕ್ಕ ಬೆರಳ ತುದಿ ತಾಗಿಸಿದಳು,
ನಾದಿದ ಹಿಟ್ಟು ಹದಾ ಬಂತೇನಂತ ನೋಡಿದಂಗ.
ಮೂರನೇದಕ್ಕ ಹೆಬ್ಬೆರಳು.
"ನೀ ಒತ್ತಿದರ ಅದೂ ತಿರುಗಿ ಒತ್ತಬೇಕು, ಒಂದೀಟು.
ಒತ್ತಲಿಲ್ಲಂದರ ಅದರ ಜೀವ ಹೋತು ಅಂತ ತಿಳಿ."

"ಈಗ ಎಳಿ, ಬೆಂಕಿ ಇಲ್ಲದ."
ಎಳೆದೆ. ಗಾಳಿ ಬಂತು, ತುಸು ಬಿಗಿಯಾಗಿ,
ಬರ್ಫಿನ ಚೂರು ಬಿದ್ದ ಕಬ್ಬಿನಹಾಲು
ಕೊಳವಿಯೊಳಗ ಏರಿದಂಗ.

"ಮೊದಲ ಕಡ್ಡಿ ಬರೇ ಎಬ್ಬಿಸಾಕ.
ನಿದ್ದಿಗಣ್ಣಾಗ ಎದ್ದು ಉಬ್ಬಿಕೋತೈತಿ,
ಹಗುರಕ ಒತ್ತಿ ಮಲಗಸು.
ಎರಡನೇ ಬೆಂಕಿ ಖರೇದು."
ಹೊಗಿ ಬಂತು! ಕೆಮ್ಮೂ ಬಂತು.
ಇಬ್ಬರೂ ಕೆಮ್ಮಿದಿವಿ. ನಂದು ಆವತ್ತಿಂದು.
ಆಕೀದು ಹಳೇದು,
ಜರಡಿ ಹಿಡಿದ ಪುಡಿಯಾಗಿಂದ ಬಂದು
ಎದಿಯಾಗ ಮನಿ ಮಾಡಿದ್ದು.

ಆಮ್ಯಾಲ ಯಂತ್ರ ತಗದೆ.
ಹೆಬ್ಬೆರಳು ಇಟ್ಟಳು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು ದೀಪ.
ತೂಬರಿ ಎಲಿ ಸುತ್ತಿ ಸುತ್ತಿ ನುಣ್ಣಗಾದ ಬೆರಳು,
ವೇದಗಂಗಾ ಹೊಳಿಯ ಕಲ್ಲು. ಗೆರಿ ಒಂದೂ ಇಲ್ಲ.
ಎಂಥಾ ನಾಜೂಕು ಒತ್ತಿದ್ದಳು ಅದರಿಂದ ಈಗ ತಾನೆ!
ಯಂತ್ರಕ್ಕ ಮಾತ್ರ ಆಕಿ ಯಾರಂತ ಗೊತ್ತಾಗಲಿಲ್ಲ.
ಪ್ರತಿ ತಿಂಗಳಾ ಇದs, ಮೂರು ಮೂರು ಸಲ,
ಪ್ರತಿ ತಿಂಗಳಾ ನಾನು
"ನಾಳೆ ಬಾ, ಮೊಮ್ಮಗನ ಫೋನ್ ತಗೊಂಡು" ಅನ್ನಾಂವ.

ಆವತ್ತು ಬಾಯಾಗ ಪೈಪಿತ್ತು. ಅನ್ನಾಕ ಬರಲಿಲ್ಲ.

ಅಕ್ಕಿ ತೂಗಿದೆ. ಚೀಲದ ಬಾಯಿ ಆಕೀನ ಹಿಡಿದಳು.
ತೂತಿನ ಪಕ್ಕ ಹೆಸರು ಬರದೆ,
ಗುರುತಿನ ಜಾಗಾ ಹಂಗs ಬಿಟ್ಟೆ.
"ಸಾಹೇಬ್ರು ಬಂದು ಕೇಳಿದರ ಏನಂತೀ?"
ಉತ್ತರ ಹುಡುಕೂದ್ರಾಗ ಪೈಪು ಆರಿತ್ತು.

"ಮತ್ತೊಮ್ಮೆ ಒತ್ತಬೇಕೇನು ಇದನ್ನ?"

ಚೀಲ ತಲಿಮ್ಯಾಗ ಏರಿಸಿ,
ಮೆಟ್ಟಲಾ ಇಳೀತಾ ಅಂದಳು,
"ಸಾವಕಾಶ."