ಅವಳಿಗೆ ಗೊತ್ತಿಲ್ಲ

ಹನ್ನೊಂದು ಮನೆಯವರು ಸೇರಿ ಕೊಂಡ ಕೋವಿ.
ಬೆಲೆ ಇಪ್ಪತ್ತಮೂರು ಕುರಿ.
ಹೋದ ಚಳಿಗಾಲ ತೋಳ ತಿಂದದ್ದು ಹತ್ತೊಂಬತ್ತು.
ಲೆಕ್ಕ ಬರೆಯುವವಳು ನಾನು;
ನಾಲ್ಕು ಕುರಿ ನಷ್ಟವಾಯಿತಲ್ಲ ಎಂದೆ ಸಭೆಯಲ್ಲಿ.
ಯಾರೂ ನಗಲಿಲ್ಲ.

ನಾರಿನ್ ಪೇಟೆಯಿಂದ ತಂದವನು ಮೈದುನ ಎಸೆನ್‌ತುರ್,
ಬಾಣಂತಿಯ ಮನೆಯಿಂದ ಕೂಸನ್ನು ತರುವಂತೆ
ಕಂಬಳಿಯಲ್ಲಿ ಸುತ್ತಿ.
ತೂಗಿದೆವು: ಏಳೂವರೆ ಕಿಲೋ.
ಗಾಜಿನ ಬೆಲೆಯೇ ಕಬ್ಬಿಣದ ಬೆಲೆಗಿಂತ ಹೆಚ್ಚು.

ಒಳ್ಳೆಯದನ್ನು ಹೇಳದಿದ್ದರೆ ಸುಳ್ಳಾದೀತು.
ಎಂಟುನೂರು ಮೀಟರಿನಾಚೆ ಬಂಡೆಯ ಮೇಲಿಟ್ಟ ಚಹದ ಡಬ್ಬಿ
ಅದರ ಕಣ್ಣೊಳಗೆ ಎಷ್ಟು ಹತ್ತಿರ ಬಂತೆಂದರೆ
ಮುಚ್ಚಳದ ತುಕ್ಕಿನ ಚುಕ್ಕೆ ಎಣಿಸಬಹುದಿತ್ತು.
ಐದು ಗುಂಡು. ಐದೂ
ಒಂದು ಅಂಗೈಯಗಲದಲ್ಲಿ.

ಮಾವ ತೆಮಿರ್‌ಕುಲ್‌ನ ಹಳೆಯ ಒಂಟಿನಳಿಗೆ
ನೂರೈವತ್ತು ಹೆಜ್ಜೆಯಾಚೆ ಕಣ್ಣಿಲ್ಲ.
ತೋಳದ ಬಳಿಗೆ ಹೋಗಲೇಬೇಕಿತ್ತು,
ಗಾಳಿಗೆದುರಾಗಿ, ಹಿಮದಲ್ಲಿ ಹೊಟ್ಟೆ ಹೊಸೆಯುತ್ತ,
ಕೆಮ್ಮನ್ನು ತೋಳಿನ ಚರ್ಮದಂಗಿಯಲ್ಲಿ ಹೂಳುತ್ತ.
ಹತ್ತು ಸಲ ಹೋದರೆ ಒಂಬತ್ತು ಸಲ ಬರಿಗೈ.
ಮೀಸೆಯ ಹಿಮ ಒರೆಸಿಕೊಂಡು ಅನ್ನುತ್ತಿದ್ದ:
"ಇವತ್ತು ಅದೇ ನನ್ನನ್ನು ಮೊದಲು ನೋಡಿತು."
ಸೋತವನ ದನಿಯಲ್ಲ ಅದು.

ಜನವರಿ. ಎಸೆನ್‌ತುರ್ ಬೋರಲು ಮಲಗಿದ್ದಾನೆ,
ಕೋವಿ ತನ್ನೆರಡು ಕಾಲೂರಿದೆ.
ಕೊಳ್ಳದಾಚೆ ಬೂದು ಹೆಣ್ಣುತೋಳ.
ಗಾಳಿ ಇಲ್ಲಿ ಇರಲಿಲ್ಲ. ಅಲ್ಲಿಯೂ ಇರಲಿಲ್ಲ.
ನಡುವೆ, ಕೊಳ್ಳದ ಗಂಟಲಲ್ಲಿ, ಇತ್ತು;
ಯಾವ ಗಾಜೂ ಅದನ್ನು ತೋರಿಸಲಿಲ್ಲ.
ಬೆರಳು ಒತ್ತಿದ್ದಕ್ಕೂ ಗುಂಡು ಮುಟ್ಟಿದ್ದಕ್ಕೂ ನಡುವೆ
ಒಂದು ಸೆಕೆಂಡು, ಮೇಲೊಂದಿಷ್ಟು.
ಅಷ್ಟರಲ್ಲಿ ತೋಳ
ಬೆನ್ನು ನೆಕ್ಕಿಕೊಳ್ಳಲೆಂದು ಹೊರಳಿತು.

ಸದ್ದಿಗಿಂತ ಮೊದಲೇ ಪೆಟ್ಟು.
ಯಾರು, ಎಲ್ಲಿಂದ, ತಿಳಿಯದೆ
ತನ್ನ ಸೊಂಟವನ್ನೇ ತಾನು ಕಚ್ಚಿಕೊಂಡಿತು.
ಅದನ್ನೂ ನೋಡಿದ ಎಸೆನ್‌ತುರ್,
ತುಕ್ಕು ಎಣಿಸುವಷ್ಟು ಹತ್ತಿರದಿಂದ.

ಗುಂಡಿಗೆ ಎಂಟುನೂರ ನಲವತ್ತು ಮೀಟರು.
ಕಾಲಿಗೆ ಎರಡೂವರೆ ಗಂಟೆ:
ಇಳಿದು, ಹೆಪ್ಪುಗಟ್ಟಿದ ತೊರೆ ದಾಟಿ, ಮತ್ತೆ ಹತ್ತಿ,
ಬೆನ್ನ ಮೇಲೆ ಆ ಏಳೂವರೆ ಕಿಲೋ.
ತಲುಪಿದಾಗ ಹಿಮದ ಮೇಲೆ ಎಳೆದ ಗೆರೆಯೊಂದೇ ಇತ್ತು.
ಟಾರ್ಚು ಸಾಯುವವರೆಗೂ ಗೆರೆ ಹಿಡಿದು ನಡೆದ.

ಮರುದಿನ ಮಾವ ಹೊರಟ, ಎಪ್ಪತ್ತಾರರ ಮೊಣಕಾಲಲ್ಲಿ,
ಹಳೆಯದನ್ನೇ ಹೆಗಲಿಗೇರಿಸಿ.
ಹನ್ನೆರಡು ಹೆಜ್ಜೆಯಿಂದ ಮುಗಿಸಿ ಬಂದು
ಚಹ ಕೇಳಿದ. ಉಪ್ಪು ಬೇಡ ಎಂದ.
ಜನ್ಮದಲ್ಲಿ ಉಪ್ಪಿಲ್ಲದೆ ಕುಡಿದವನಲ್ಲ.

ಈ ಚಳಿಗಾಲ ಹೋದದ್ದು ಮೂರೇ ಕುರಿ.
ಇದನ್ನೂ ಬರೆದಿದ್ದೇನೆ.
ಎಂಟು ಮನೆ ಕೋವಿಯ ಪರ,
ಎಂಟರಲ್ಲಿ ನಮ್ಮದೂ ಒಂದು;
ಆ ಹತ್ತೊಂಬತ್ತರಲ್ಲಿ ಆರು ನಮ್ಮ ಕೊಟ್ಟಿಗೆಯವು.

ಹಿಮ ಕರಗುವ ಕಾಲಕ್ಕೆ ಮಾವ ಒಮ್ಮೆ
ನೋಡೋಣ ಕೊಡು ಎಂದು ಗಾಜಿಗೆ ಕಣ್ಣಿಟ್ಟ.
ಗುಂಡಿರಲಿಲ್ಲ ಒಳಗೆ, ನಾನೇ ನೋಡಿದ್ದೆ.
ಆಚೆ ದಡದಲ್ಲಿ ಮುದುಕಿ ಬುರುಲ್
ಬಾಗಿಲಲ್ಲಿ ಕೂತು ಹಿಟ್ಟು ನಾದುತ್ತಿದ್ದಳಂತೆ,
ತುಟಿ ಅಲ್ಲಾಡುತ್ತಿತ್ತಂತೆ, ಏನೋ ಗುನುಗುತ್ತ.

"ಅವಳಿಗೆ ಗೊತ್ತಿಲ್ಲ," ಎಂದ ಮಾವ,
ಕಣ್ಣು ಕಿತ್ತುಕೊಂಡು.
ಮುಚ್ಚಳ ಹಾಕಲು ಹುಡುಕಿದ. ಕೈಗೆ ಸಿಗಲಿಲ್ಲ.
ತನ್ನ ಟೋಪಿ ತೆಗೆದು
ಅದರ ಮೇಲಿಟ್ಟ.