ಅಳತೆ ಕೊಡುವ ಜಾಗ

ನಾನು ಅಳತೆ ತೆಗೆಯುವವಳು.
ಕುಲಶೇಖರದ ಇಳಿಜಾರಿನಲ್ಲಿ, ಬೇಕರಿಯ ಮೇಲೆ ಒಂದು ಕೋಣೆ,
ಎರಡು ಮೆಷಿನು, ಕೊರಳಲ್ಲಿ ಟೇಪು.
ಹೆಂಗಸರು ಕೈ ಎತ್ತಿ ನಿಲ್ಲುತ್ತಾರೆ, ಉಸಿರು ಹಿಡಿಯುತ್ತಾರೆ.
ಬಿಡಿ ಮಾರಾಯ್ರೆ, ಎನ್ನುತ್ತೇನೆ,
ಹಿಡಿದ ಉಸಿರಿಗೆ ಹೊಲಿದದ್ದು
ಊಟದ ಹೊತ್ತಿಗೆ ಬಿಗಿಯುತ್ತದೆ.

ನಲ್ವತ್ತೊಂದಾಯಿತು. ಈಗ ನನ್ನ ಅಳತೆ ಕೊಡಲಿಕ್ಕುಂಟು.
ತಂಗಿಯ ಮಗಳು ರೆನಿಟಾ, ನರ್ಸಿಂಗ್ ಎರಡನೇ ವರ್ಷ,
ಮೂಲೆಯ ರಾಶಿ ಎಣಿಸಿದಳು:
ಹುಕ್ಕಿಲ್ಲದ ರವಕೆ ಹನ್ನೊಂದು, ಒಂದೇ ತೋಳಿನದ್ದು ಮೂರು,
ತಣ್ಣಗಾದ ಚಾ ನಾಲ್ಕು ಗ್ಲಾಸು.
"ಮಾವ್ಶಿ, ಇದು ಸೋಮಾರಿತನ ಅಲ್ಲ,
ಸೋಮಾರಿಗಳು ರಾತ್ರಿ ಎರಡಕ್ಕೆ ಎದ್ದು ಬಟ್ಟೆ ಕತ್ತರಿಸುವುದಿಲ್ಲ."
ಎಡಿಎಚ್‌ಡಿ ಎಂದು ನಾಲ್ಕು ಇಂಗ್ಲಿಷ್ ಅಕ್ಷರ
ಚಾಕಿನಲ್ಲಿ ಮೇಜಿನ ಮೇಲೆ ಬರೆದಳು.
ನಾನು ಅದರ ಮೇಲೆ ಇಸ್ತ್ರಿ ಎಳೆದೆ.

ಆದರೂ ಕೇಳಿದೆ: ಎಲ್ಲಿಗೆ ಹೋಗುವುದು?
"ಅದು ನಿಮಗೆ ಬಿಟ್ಟದ್ದು."
ಬಿಟ್ಟದ್ದು! ನೂಲಿನ ಬಣ್ಣ ಆರಿಸಲಿಕ್ಕೆ ಒಂದು ಗಂಟೆ ನಿಂತು
ಬಕೆಟ್ಟು ಹಿಡಿದುಕೊಂಡು ಮನೆಗೆ ಬರುವವಳಿಗೆ.

ಹಂಪನಕಟ್ಟೆಯಲ್ಲಿ ಸರಕಾರಿ ಆಸ್ಪತ್ರೆ ಉಂಟು.
ಚೀಟಿಗೆ ಚಿಲ್ಲರೆ ಸಾಕು; ಕಾಯಲಿಕ್ಕೆ ಮಾತ್ರ
ನನ್ನಲ್ಲಿಲ್ಲದ ಅದೇ ವಸ್ತು ಬೇಕು.
ಬಿಜೈಯ ಎರಡನೇ ಮಾಳಿಗೆಯಲ್ಲಿ ಒಬ್ಬರು ಡಾಕ್ಟರು,
ಎಸಿ, ಮೀನಿನ ತೊಟ್ಟಿ. ಮುಕ್ಕಾಲು ಗಂಟೆಗೆ
ಲೈನಿಂಗ್ ಹಾಕಿದ ರವಕೆ ಎಂಟು,
ಅಂದರೆ, ಹುಕ್ಕು ಸಮೇತ ಮುಗಿಸಿದ ಎಂಟು.
ಮಣಿಪಾಲಕ್ಕೆ ಹೋದರೆ ಗುರ್ತದವರು ಸಿಗಲಿಕ್ಕಿಲ್ಲ
ಅಂದುಕೊಂಡ ಭಾನುವಾರವೇ ಇಗರ್ಜಿಯ ಮೆಟ್ಟಿಲಲ್ಲಿ ಐವಿ ಬಾಯಿ
"ನಮ್ಮ ಸೊಸೆ ಈಗ ಅಲ್ಲೇ ಕೌಂಟರಿನಲ್ಲಿ" ಅಂದರು, ನಾನು ಕೇಳದೆಯೇ.
ಫೋನಿನಲ್ಲೂ ಒಬ್ಬ ಸಿಕ್ಕಿದ: ಹತ್ತು ಪ್ರಶ್ನೆ, ಐದು ನಿಮಿಷ,
ಕೊನೆಗೆ ಸರ್ಟಿಫಿಕೇಟು, ಅದರಲ್ಲಿ ನನ್ನ ಹೆಸರು ತಪ್ಪು.
ರೆಡಿಮೇಡು. ಎಲ್ಲರಿಗೂ ಆಗುವ,
ಯಾರ ಮೈಗೂ ಕೂರದ ಫ್ರೀ ಸೈಜು.

ದೇರಳಕಟ್ಟೆಯ ಆಸ್ಪತ್ರೆಗೆ ಫೋನು ಹೋದದ್ದು
ನಿಜವಾಗಿ ಗುಂಡಿಯಂಗಡಿಗೆ ಮಾಡಲಿಕ್ಕೆ ಹೋಗಿ.
ಆಚೆಯ ಹುಡುಗಿ ಅವಸರ ಮಾಡಲಿಲ್ಲ.
"ಎರಡು ಸಲ ಬರಬೇಕಾಗ್ತದೆ. ನಿಮ್ಮ ಸಣ್ಣ ಪ್ರಾಯ ಗೊತ್ತಿರುವವರು
ಯಾರಾದರೂ ಇದ್ದರೆ ಕರ್ಕೊಂಡು ಬನ್ನಿ."
ಯಾರಿದ್ದಾರೆ? ಮಾಯ್ ತೀರಿಹೋಗಿ ಆರು ವರ್ಷ.
ಇದ್ದಿದ್ದರೆ ಡಾಕ್ಟರ ಮೇಜು ಬಡಿದು ಹೇಳುತ್ತಿದ್ದಳು:
ಬಂಗುಡೆ ತರಲಿಕ್ಕೆ ಕಳಿಸಿದರೆ ಬೆಕ್ಕಿನ ಮರಿ ತಂದವಳು ಇವಳು!
ಈಗ ಉಳಿದ ಸಾಕ್ಷಿ ಒಂದು ರಿಪೋರ್ಟ್ ಕಾರ್ಡು,
ಅದರಲ್ಲಿ ಕಮಲಾಕ್ಷಿ ಟೀಚರ ಕೆಂಪು ಶಾಯಿ:
ಬುದ್ಧಿವಂತೆ. ಕಿಟಕಿಯ ಹತ್ತಿರ ಕೂರಿಸಬಾರದು.

ಕೊನೆಗೆ ಆ ಹುಡುಗಿ ಕೇಳಿದಳು,
"ನಿಮಗೆ ಎಲ್ಲಿ ಕಷ್ಟ ಆಗ್ತಾ ಉಂಟು?"
ಪಿನ್ನು ತುಟಿಯಲ್ಲಿ ಕಚ್ಚಿ ಇಪ್ಪತ್ತು ವರ್ಷ
ನಾನು ಕೇಳುತ್ತಾ ಬಂದ ಪ್ರಶ್ನೆ ಅದು:
ಎಲ್ಲಿ ಬಿಗಿ, ಕಂಕುಳಲ್ಲೋ, ಬೆನ್ನಲ್ಲೋ?
ನನ್ನನ್ನು ಯಾರೂ ಕೇಳಿರಲಿಲ್ಲ.
ಗುರುವಾರ, ಅಂದೆ.
ಅವಳು ದಿನ ಕೇಳಿರಲೇ ಇಲ್ಲ.

ಅಳತೆ ಚೀಟಿಯ ಹಿಂದೆ ಬರೆದು, ಕಳೆದುಹೋಗದ ಹಾಗೆ
ಎದುರಿಗಿದ್ದ ಬಟ್ಟೆಗೆ ಚುಚ್ಚಿಟ್ಟೆ.
ಎದುರಿಗಿದ್ದದ್ದು ಶಕ್ತಿನಗರದ ಜಲಜಕ್ಕನ ನೀಲಿ ರವಕೆ,
ಸಂಜೆ ಅದು ತೊಟ್ಟೆಯಲ್ಲಿ ಹೋಯಿತು.

ಎರಡು ದಿನ ಹುಡುಕಿದೆ. ಹುಡುಕುವ ಗಡಿಬಿಡಿಯಲ್ಲಿ
ಹನ್ನೊಂದರಲ್ಲಿ ನಾಲ್ಕಕ್ಕೆ ಹುಕ್ಕು ಬಿತ್ತು.
ಮೂರನೇ ದಿನ ಜಲಜಕ್ಕ ಮೆಟ್ಟಿಲು ಹತ್ತಿ ಬಂದರು,
ಚೀಟಿಯನ್ನು ಮಡಚಿ ಕತ್ತರಿಯ ಕೆಳಗಿಟ್ಟರು,
ಎಂಥದೂ ಕೇಳಲಿಲ್ಲ. ತೋಳು ಸ್ವಲ್ಪ ಬಿಗಿ, ಅಂದರು.
ಬಾಗಿಲಲ್ಲಿ ಚಪ್ಪಲಿ ಹಾಕುತ್ತಾ,
"ಗುರುವಾರ ಏಳೂವರೆಯ ಬಸ್ಸಿಗೇ ಹೋಗಿ.
ಆಮೇಲಿನದ್ದರಲ್ಲಿ ಕಾಲೇಜು ಮಕ್ಕಳು ತುಂಬುತ್ತಾರೆ,
ನನ್ನ ಮಗನಿಗೆ ಆ ಗದ್ದಲ ಆಗುತ್ತಿರಲಿಲ್ಲ."

ಅವರ ತೋಳು ಬಿಚ್ಚಲಿಕ್ಕೆ ಕೂತೆ.
ಒಂದೇ ಸಲಕ್ಕೆ ಮುಗಿಸಿದೆ ಅಂದರೆ
ಸುಳ್ಳಾಗುತ್ತದೆ.