ಇತರೆ

ಗುದೈಬಿಯಾದ ಕೋಲ್ಡ್ ಸ್ಟೋರಿನಲ್ಲಿ
ಹಾಲಿನ ಪುಡಿಯ ಡಬ್ಬಿಯನ್ನು ಹಂಝಾ
ಕಪ್ಪು ಕವರಿಗೆ ಹಾಕಿ ಕೊಡುತ್ತಾನೆ.
ನಾನು ಕೇಳಿದ್ದಿಲ್ಲ.
ಬ್ರೆಡ್ಡು, ಮೊಟ್ಟೆ, ಪಾತ್ರೆ ತಿಕ್ಕುವ ಸೋಪು ಬಿಳಿ ಕವರಿನಲ್ಲಿ.
ಇದೊಂದು ಮಾತ್ರ ಕಪ್ಪಿನಲ್ಲಿ,
ಮೇಲೆ ಎರಡು ಗಂಟು.

ಡಬ್ಬಿಯ ಬೆನ್ನ ಮೇಲೆ ಅದರದ್ದೇ ಸಾಕ್ಷಿ:
ತಾಯಿಯ ಹಾಲೇ ಶ್ರೇಷ್ಠ ಎಂದು
ಮೊದಲು ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.
ಐದು ದಿನಾರು ಕೊಟ್ಟು
ಬೈಸಿಕೊಂಡು ಬರುತ್ತೇನೆ.

ಅರವತ್ತು ದಿನದ ರಜೆ. ಅರವತ್ತೊಂದನೆಯ ದಿನ
ಎಕ್ಸ್‌ಚೇಂಜಿನ ಮೂರನೇ ಕೌಂಟರಿನಲ್ಲಿ
ಯಾರದೋ ಸಂಬಳ ಎಣಿಸುತ್ತಿದ್ದೆ.
ಗಾಜಿನಾಚೆ ಯಾರದೋ ಕೂಸು ಅತ್ತಿತು;
ನನ್ನ ಯೂನಿಫಾರ್ಮು ಒದ್ದೆಯಾಯಿತು.
ಎಣಿಕೆ ತಪ್ಪಿತು. ಮತ್ತೆ ಒಂದರಿಂದ.
ಹಳೆ ರಸೀದಿ ಕಟ್ಟುಗಳ ಕೋಣೆಯಲ್ಲಿ
ಬಾಗಿಲಿಗೆ ಕುರ್ಚಿ ಒತ್ತಿಟ್ಟು ಪಂಪು ಹಿಡಿದು ಕೂತರೆ
ಇಪ್ಪತ್ತು ನಿಮಿಷಕ್ಕೆ ಶೀಶೆಯ ತಳ ಮುಚ್ಚುವಷ್ಟು.
ಆಮೇಲೆ ಅದೂ ಇಲ್ಲ.

ಕಾರ್ಕಳದಿಂದ ಅತ್ತೆಯ ಫೋನು: ಮೆಂತೆ ಗಂಜಿ ಕುಡಿ,
ಮನಸ್ಸಿದ್ದರೆ ಬರ್ತದೆ.
ಮನಸ್ಸಿದ್ದರೆ.

ಸಂಘದ ಶುಕ್ರವಾರದ ಊಟದಲ್ಲಿ ಪ್ರಫುಲ್ಲಕ್ಕ
ಶೀಶೆ ನೋಡಿ ನಗುತ್ತಲೇ ಅಂದರು,
"ಓ, ಡಬ್ಬಿ ಅಮ್ಮ!"
ಪಾಯಸದ ಸೌಟು ಇನ್ನೂ ಕೈಯಲ್ಲೇ ಇತ್ತು,
ನನ್ನ ಬಟ್ಟಲಿಗೆ ಎರಡು ಸಲ ಬಡಿಸಿದರು.

ಅಷ್ಟು ಹೊತ್ತಿಗೆ ಮೂಲೆಯಲ್ಲಿ ವಿಲ್ಮಾ.
ಎರಡೂವರೆ ವರ್ಷದ ಮಗ, ಕಾಲಿಗೆ ಶೂ,
ಓಡಿಬಂದವನೇ ಅವಳ ಶಾಲಿನೊಳಗೆ ತಲೆ ತೂರಿಸಿದ.
ಎಲ್ಲರ ಕಣ್ಣು ನನ್ನನ್ನು ಬಿಟ್ಟು ಅತ್ತ ತಿರುಗಲಿ ಎಂದು
ನಾನೇ ಅಂದೆ:
"ನಂದಿನಿ ಬೂತು ತೆರೆಯಿತು ನೋಡಿ."
ಎಂಥ ನಗು! ಪ್ರಫುಲ್ಲಕ್ಕನಿಗೆ ಕೆಮ್ಮೇ ಬಂತು.
ವಿಲ್ಮಾ ಗೋಡೆ ಕಡೆ ತಿರುಗಿ ಕೂತಳು.
ಹುಡುಗನ ಶೂ ಮಾತ್ರ ಕಾಣುತ್ತಿತ್ತು,
ಹಿಮ್ಮಡಿಯಲ್ಲಿ ಹಸಿರು ದೀಪ
ಹತ್ತುತ್ತ, ಆರುತ್ತ.

ಪ್ರತಿ ತಿಂಗಳ ಐದಕ್ಕೆ ಮುಹರ್ರಕ್‌ನಿಂದ ಉಮ್ ಜಾಸಿಂ ಬರುತ್ತಾಳೆ.
ದರಕ್ಕಾಗಿ ಜಗಳ ಆಡಿ
ಇಪ್ಪತ್ತು ದಿನಾರು ಕಳಿಸುತ್ತಾಳೆ ಹೊನ್ನಾವರಕ್ಕೆ,
ದೇವಿದಾಸ ಮೇಸ್ತ ಎಂಬವನಿಗೆ.
ಈಗ ಹೊಸ ಸಿಸ್ಟಮ್ಮು; ಸಂಬಂಧ ತುಂಬದೆ ಮುಂದೆ ಹೋಗುವುದಿಲ್ಲ.
ನಿಮಗೇನಾಗಬೇಕು, ಕೇಳಿದೆ ನನ್ನ ಮುರುಕು ಅರಬ್ಬಿಯಲ್ಲಿ.
ಮಗ, ಅಂದಳು.
ಹೆಸರು ಹೊಂದುವುದಿಲ್ಲವಲ್ಲ.
"ಅವನ ಅಪ್ಪ ನಮ್ಮ ದೋಣಿ ಕೆಲಸಕ್ಕಿದ್ದ, ತಾಯಿ ಅಡುಗೆಗೆ.
ಜ್ವರ ಬಂದು ಅವಳಿಗೆ ಬತ್ತಿತು.
ನನ್ನಲ್ಲಿತ್ತು, ಕೊಟ್ಟೆ.
ಹಾಲಿನ ಮಗ. ಬರಿ."

ಬತ್ತಿದ ಆ ಹೊನ್ನಾವರದವಳನ್ನು
ಯಾರು ಏನೆಂದು ಕರೆದರೋ.
ಕೇಳೋಣವೆಂದರೆ ಹಿಂದೆ ಎಂಬತ್ತನಾಲ್ಕನೇ ಟೋಕನ್ನು ಕೆಮ್ಮುತ್ತಿತ್ತು.
ಕಂಪ್ಯೂಟರಿನ ಪಟ್ಟಿಯಲ್ಲಿ ಗಂಡ ಇದ್ದಾನೆ, ಹೆಂಡತಿ ಇದ್ದಾಳೆ,
ಅಣ್ಣ, ಮಾಲೀಕ, ಸ್ನೇಹಿತ.
ಹಾಲು ಇಲ್ಲ.
'ಇತರೆ' ಒತ್ತಿದೆ.
ರಸೀದಿ ಓದಿಸಿಕೊಂಡ ಮುದುಕಿ ಮುಖ ಸಿಂಡರಿಸಿದಳು:
ಇಷ್ಟು ವರ್ಷ ಕಳಿಸಿದ್ದಕ್ಕೆ ಇತರೆಯಾ?
ಕಮಿಷನ್ ವಾಪಸು ಕೊಡು.

ರಾತ್ರಿ ಎರಡು ಗಂಟೆ. ಏಸಿಯ ಗೊರಕೆ.
ಕುದಿಸಿ ಆರಿಸಿದ ನೀರು.
ಚಮಚದಲ್ಲಿ ಗೋಪುರವಾಗಿ ನಿಂತದ್ದನ್ನು
ಚಾಕುವಿನ ಬೆನ್ನಿನಿಂದ ಗೀರಿ ಸಮ ಮಾಡುತ್ತೇನೆ,
ಒಂದು, ಎರಡು, ಮೂರು.
ನೋಟು ಎಣಿಸುವಾಗಲೂ ಇಷ್ಟು ಎಚ್ಚರವಿಲ್ಲ ನನಗೆ.
ಮಗಳು ಕುಡಿಯುತ್ತ ನನ್ನ ತೋರುಬೆರಳು ಹಿಡಿದಿದ್ದಾಳೆ,
ಉಗುರಿನಲ್ಲಿ ಸ್ಟಾಂಪು ಪ್ಯಾಡಿನ ನೀಲಿ.

ಕಳೆದ ಶುಕ್ರವಾರ, ಹೊಸದಾಗಿ ಬಂದ ಹುಡುಗಿ,
ತುಂಬು ಬಸುರಿ, ಪಕ್ಕದಲ್ಲಿ ಕೂತು
ನನ್ನ ಕಿವಿಗೆ ಬಾಗಿದಳು:
"ಅವರೇ ಅಲ್ವಾ, ನಂದಿನಿ ಬೂತು?"
ನಿಜವಾದ ಹೆಸರು ಅವಳಿಗೆ ಗೊತ್ತೇ ಇರಲಿಲ್ಲ.
ವಿಲ್ಮಾ, ಅಂದೆ. ವಿಲ್ಮಾ ಕ್ವಾಡ್ರಸ್.
ಬೂತು ಅಂದವರು ಯಾರು ಅಂತ
ಹೇಳಲಿಲ್ಲ.